ಹೆಲಿಕಾಪ್ಟರಿನ ನಡುಕ: ಅಳೆದರೆ ಸಾಲದು, ಓದಬೇಕು

ಬೆಂಗಳೂರಿನ ಎಚ್‌ಎಎಲ್ ತಯಾರಿಸುವ ಧ್ರುವ್ ಹೆಲಿಕಾಪ್ಟರಿನ ಮುಖ್ಯ ರೋಟರಿನ ವ್ಯಾಸ 13.2 ಮೀಟರ್. ಅದು ನಿಮಿಷಕ್ಕೆ ಸುಮಾರು 314 ಸುತ್ತು ಸುತ್ತುತ್ತದೆ. ಆಗ ಬ್ಲೇಡಿನ ತುದಿ ಗಂಟೆಗೆ 780 ಕಿಲೊಮೀಟರ್ ವೇಗದಲ್ಲಿ ಗಾಳಿಯನ್ನು ಸೀಳುತ್ತಿರುತ್ತದೆ. ನಾಲ್ಕು ಬ್ಲೇಡ್‌ಗಳಲ್ಲಿ ಒಂದರ ತುದಿಗೆ ಒಂದೇ ಒಂದು ಗ್ರಾಂ ಹೆಚ್ಚುವರಿ ತೂಕ ಅಂಟಿಕೊಂಡರೂ ಅದು 700 ಗ್ರಾಂಗೂ ಮೀರಿದ ಬಲದಿಂದ ರೋಟರನ್ನು ಹೊರಕ್ಕೆ ಜಗ್ಗುತ್ತದೆ. ವ್ಯತ್ಯಾಸ 100 ಗ್ರಾಂ ಆದರೆ ಜಗ್ಗುವ ಬಲ 70 ಕೆ.ಜಿ. ದಾಟುತ್ತದೆ. ಆ ಬಲ ಒಂದೇ ಕಡೆಗೆ ಇರುವುದಿಲ್ಲ, ಸೆಕೆಂಡಿಗೆ ಐದು ಸಲ ಸುತ್ತು ಹೊಡೆಯುತ್ತ ಇಡೀ ಯಂತ್ರವನ್ನು ಅಲುಗಾಡಿಸುತ್ತದೆ.

ಮನೆಯ ಸೀಲಿಂಗ್ ಫ್ಯಾನಿನ ಒಂದು ರೆಕ್ಕೆ ತುಸು ಬಾಗಿದರೆ ಫ್ಯಾನು ಲಟಲಟ ಎನ್ನುವುದನ್ನು ಎಲ್ಲರೂ ನೋಡಿರುತ್ತಾರೆ. ಹೆಲಿಕಾಪ್ಟರಿನ ಕಾಯಿಲೆಯೂ ಮೂಲತಃ ಅದೇ. ಆದರೆ ಫ್ಯಾನು ಸೂರಿಗೆ ನೇತುಬಿದ್ದಿದೆ, ಇಲ್ಲಿ ಜನ ಕುಳಿತ ಡಬ್ಬಿಯೇ ರೋಟರಿಗೆ ನೇತುಬಿದ್ದಿದೆ. ಹೀಗಾಗಿ ರೋಟರಿನ ನಡುಕವನ್ನು ಅಳೆಯುವ, ಬ್ಲೇಡ್‌ಗಳು ಒಂದೇ ಎತ್ತರದಲ್ಲಿ ಸುತ್ತುತ್ತಿವೆಯೇ ಎಂದು ನೋಡುವ ಉಪಕರಣಗಳು ಈ ಯಂತ್ರದ ಸುರಕ್ಷತೆಯ ಬೇರಿನಲ್ಲೇ ಇವೆ. ಭಾರತದಲ್ಲಿ ಹೆಲಿಕಾಪ್ಟರ್ ಎಂದೊಡನೆ ಚರ್ಚೆ ನಡೆಯುವುದು ಪೈಲಟ್‌ನ ತಪ್ಪು, ಕೆಟ್ಟ ಹವೆ, ಹಳೆಯ ಯಂತ್ರ ಇವುಗಳ ಸುತ್ತ. ಯಂತ್ರ ದಿನವೂ ತನ್ನ ಸ್ಥಿತಿಯನ್ನು ಕಂಪನದ ರೂಪದಲ್ಲಿ ಹೇಳುತ್ತಿರುತ್ತದೆ, ಅದನ್ನು ಯಾರು ದಾಖಲಿಸುತ್ತಿದ್ದಾರೆ, ಯಾರು ಓದುತ್ತಿದ್ದಾರೆ ಎಂಬ ಪ್ರಶ್ನೆ ಏಳುವುದೇ ಅಪರೂಪ. ಜನರನ್ನು ಕೂರಿಸಿಕೊಂಡು ಹಾರುವ ಪ್ರತಿ ಹೆಲಿಕಾಪ್ಟರಿನಲ್ಲೂ ಕಂಪನ ಅಳೆಯುವ ವ್ಯವಸ್ಥೆ ಕಾಯಂ ಆಗಿ ಇರಬೇಕು. ಅಳೆದದ್ದನ್ನು ಅಂದಂದೇ ಓದುವ ತಜ್ಞ ಇರಬೇಕು, ಆತನಿಗೆ ಹಾರಾಟ ತಡೆಯುವ ಅಧಿಕಾರವೂ ಇರಬೇಕು.

ನಡುಕವನ್ನು ಇಂದಿಗೂ ಅನೇಕರು ಆರಾಮದ ಪ್ರಶ್ನೆ ಎಂದೇ ತಿಳಿದಿದ್ದಾರೆ. ಆರಾಮದ ಮಾತು ಸುಳ್ಳಲ್ಲ. ಕುಳಿತ ಮನುಷ್ಯನ ದೇಹ ಮೇಲೆ ಕೆಳಗೆ ಅದುರುವುದನ್ನು ಅತಿ ಹೆಚ್ಚು ಗ್ರಹಿಸುವುದು ಸೆಕೆಂಡಿಗೆ 4ರಿಂದ 8 ಕಂಪನಗಳ ನಡುವೆ. ಧ್ರುವ್‌ನ ರೋಟರ್ ಸೆಕೆಂಡಿಗೆ ಐದಕ್ಕೂ ತುಸು ಹೆಚ್ಚು, ಕೇದಾರದ ಕಣಿವೆಯಲ್ಲಿ ಹಾರುವ ಬೆಲ್ 407ರ ರೋಟರ್ ಸುಮಾರು ಏಳು ಸುತ್ತು ಸುತ್ತುತ್ತದೆ. ಸುತ್ತಿಗೊಮ್ಮೆ ಬರುವ ಹೊಡೆತ ಸರಿಯಾಗಿ ಪೈಲಟ್‌ನ ಬೆನ್ನುಮೂಳೆ ತಾಳಲಾರದ ಲಯದಲ್ಲೇ ಬರುತ್ತದೆ. ಹೆಲಿಕಾಪ್ಟರ್ ಪೈಲಟ್‌ಗಳಲ್ಲಿ ಬೆನ್ನುನೋವು ಸಾಮಾನ್ಯವಾಗಲು ಬಗ್ಗಿ ಕೂರುವ ಭಂಗಿಯ ಜೊತೆಗೆ ಇದೂ ಒಂದು ಕಾರಣ.

ಆದರೆ ಮನುಷ್ಯನಿಗಿಂತ ಹೆಚ್ಚು ಪೆಟ್ಟು ತಿನ್ನುವುದು ಯಂತ್ರ. ಅಮೆರಿಕದ ವಾಯುಪಡೆಯ ಎಚ್-3 ಹೆಲಿಕಾಪ್ಟರ್‌ಗಳ ಮೇಲೆ ನಡೆದು 1973ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ಈ ಕ್ಷೇತ್ರದವರು ಇಂದಿಗೂ ಎತ್ತಿ ಹೇಳುತ್ತಾರೆ. ಒಂದೇ ಮಾದರಿಯ ಹೆಲಿಕಾಪ್ಟರ್‌ಗಳು, ಕೆಲವಕ್ಕೆ ರೋಟರಿನ ತಲೆಯ ಮೇಲೆ ಕಂಪನ ಹೀರುವ ಲೋಲಕದಂಥ ಸಾಧನ ಕೂರಿಸಲಾಗಿತ್ತು, ಉಳಿದವಕ್ಕೆ ಇರಲಿಲ್ಲ. ನಡುಕ ಸುಮಾರು ಅರ್ಧಕ್ಕೆ ಇಳಿದ ಹೆಲಿಕಾಪ್ಟರ್‌ಗಳಲ್ಲಿ ಬಿಡಿಭಾಗಗಳು ಕೆಡುವ ಪ್ರಮಾಣ ಶೇ 48ರಷ್ಟು, ದುರಸ್ತಿಯ ಕೆಲಸ ಶೇ 38.5ರಷ್ಟು ಕಡಿಮೆಯಾಯಿತು. ಲಾಭವಾದದ್ದು ರೋಟರಿನ ಭಾಗಗಳಿಗಷ್ಟೇ ಅಲ್ಲ, ಹೆಲಿಕಾಪ್ಟರಿನ ಇತರ ಹಲವು ವ್ಯವಸ್ಥೆಗಳಿಗೂ ಆಯಸ್ಸು ಹೆಚ್ಚಿತು. ನಡುಕ ತಗ್ಗಿಸಲು ಮಾಡುವ ಖರ್ಚು ವ್ಯರ್ಥವಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಲೆಕ್ಕ ಬೇಕಿಲ್ಲ.

ಬ್ಲೇಡ್‌ಗಳನ್ನು ಸರಿದೂಗಿಸುವ ಕೆಲಸಕ್ಕೆ ಹ್ಯಾಂಗರ್‌ಗಳಲ್ಲಿ 'ಟ್ರ್ಯಾಕ್ ಅಂಡ್ ಬ್ಯಾಲೆನ್ಸ್' ಎನ್ನುತ್ತಾರೆ. ಟ್ರ್ಯಾಕ್ ಎಂದರೆ ಎಲ್ಲ ಬ್ಲೇಡ್‌ಗಳ ತುದಿಗಳೂ ಒಂದೇ ದಾರಿಯಲ್ಲಿ, ಒಂದೇ ಎತ್ತರದಲ್ಲಿ ಸಾಗುವುದು. ಬ್ಯಾಲೆನ್ಸ್ ಎಂದರೆ ತೂಕ ಸಮವಾಗಿರುವುದು. ಮೊದಲ ತಲೆಮಾರಿನ ಮೆಕ್ಯಾನಿಕ್‌ಗಳು ಇದನ್ನು ಮಾಡುತ್ತಿದ್ದ ಬಗೆ ಕೇಳಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಒಂದೊಂದು ಬ್ಲೇಡಿನ ತುದಿಗೆ ಒಂದೊಂದು ಬಣ್ಣದ ಸೀಮೆಸುಣ್ಣವನ್ನೋ ಮೇಣದ ಬಣ್ಣವನ್ನೋ ಬಳಿಯುತ್ತಿದ್ದರು. ಉದ್ದನೆಯ ಕೋಲಿನ ಚೌಕಟ್ಟಿಗೆ ಬಿಗಿಯಾಗಿ ಬಟ್ಟೆಯ ಪಟ್ಟಿ ಕಟ್ಟಿಕೊಂಡು ಒಬ್ಬ ಮೆಕ್ಯಾನಿಕ್ ತಿರುಗುತ್ತಿರುವ ರೋಟರಿನ ಅಂಚಿಗೆ ನಡೆದುಹೋಗಿ ಕೋಲನ್ನು ನೇರವಾಗಿ ನಿಲ್ಲಿಸಿ, ಬಟ್ಟೆಯನ್ನು ಮೆಲ್ಲಗೆ ಬ್ಲೇಡಿನ ತುದಿಯತ್ತ ವಾಲಿಸುತ್ತಿದ್ದ. ತುದಿ ಬಟ್ಟೆಗೆ ಸವರಿದ ಕೂಡಲೇ ಹಿಂದೆ ಸರಿಯಬೇಕು. ಬಟ್ಟೆಯ ಮೇಲೆ ಕೆಂಪು ಗುರುತು ಮೇಲೆ, ನೀಲಿ ಗುರುತು ಒಂದು ಇಂಚು ಕೆಳಗೆ ಬಿದ್ದಿದ್ದರೆ ಕೆಂಪು ಬ್ಲೇಡ್ ಎತ್ತರದಲ್ಲಿ ಹಾರುತ್ತಿದೆ ಎಂದು ಅರ್ಥ. ಎಂಜಿನ್ ನಿಲ್ಲಿಸಿ, ಸರಿಪಡಿಸಿ, ಮತ್ತೆ ಬಟ್ಟೆ ಹಿಡಿಯಬೇಕು. ನೆಲದ ಮೇಲಿನ ಸ್ಥಿತಿ ಇದರಿಂದ ತಿಳಿಯುತ್ತಿತ್ತು. ಹಾರುವಾಗ ಆ ಬ್ಲೇಡ್ ಏನು ಮಾಡುತ್ತದೆ ಎಂಬುದು ತಿಳಿಯುತ್ತಿರಲಿಲ್ಲ.

ಆಮೇಲೆ ಮಿಣುಕುವ ದೀಪ, ಅಂದರೆ ಸ್ಟ್ರೋಬ್ ಬಂತು. ಬ್ಲೇಡ್‌ಗಳ ತುದಿಗೆ ಬೆಳಕು ಹಿಂದಿರುಗಿಸುವ ಪಟ್ಟಿ ಅಂಟಿಸಿ, ರೋಟರಿನ ಸುತ್ತಿಗೆ ಹೊಂದಿಸಿದ ದೀಪವನ್ನು ಕಾಕ್‌ಪಿಟ್‌ನಿಂದ ಅದರತ್ತ ಹಿಡಿದರೆ ಸುತ್ತುತ್ತಿರುವ ಪಟ್ಟಿಗಳು ಗಾಳಿಯಲ್ಲಿ ನಿಂತಂತೆ ಕಾಣುತ್ತವೆ. ಯಾವುದು ಮೇಲಿದೆ, ಯಾವುದು ಕೆಳಗಿದೆ ಎಂದು ಕಣ್ಣಳತೆಯಲ್ಲೇ ಹೇಳಬಹುದು. ಕ್ಯಾಲಿಫೋರ್ನಿಯಾದ ಚಾಡ್ವಿಕ್-ಹೆಲ್ಮತ್ ಕಂಪನಿಯ ಸ್ಟ್ರೋಬ್ ಮತ್ತು ಕಂಪನಮಾಪಕಗಳು ದಶಕಗಳ ಕಾಲ ಪ್ರಪಂಚದ ಹ್ಯಾಂಗರ್‌ಗಳಲ್ಲೆಲ್ಲ ಇದ್ದವು. ಈ ವಿಧಾನದಿಂದ ಹಾರಾಟದ ನಡುವೆಯೂ ಟ್ರ್ಯಾಕ್ ನೋಡಲು ಸಾಧ್ಯವಾಯಿತು. ಅದೇ ದೊಡ್ಡ ಹೆಜ್ಜೆ. ಏಕೆಂದರೆ ನೆಲದ ಮೇಲೆ ಒಂದೇ ದಾರಿಯಲ್ಲಿ ಸುತ್ತುವ ಬ್ಲೇಡ್‌ಗಳು ವೇಗ ಹೆಚ್ಚಿದಂತೆ ಬೇರೆಬೇರೆ ಎತ್ತರಕ್ಕೆ ಏರಬಲ್ಲವು.

ಇಂದಿನ ಉಪಕರಣದಲ್ಲಿ ಮನುಷ್ಯನ ಕಣ್ಣಿನ ಜಾಗಕ್ಕೆ ಪುಟ್ಟ ಕ್ಯಾಮೆರಾದಂಥ ಪೆಟ್ಟಿಗೆ ಬಂದಿದೆ. ಒಂದು ಬಗೆಯಲ್ಲಿ ಎರಡು ಬೆಳಕಿನ ಸಂವೇದಕಗಳು ಇಂಗ್ಲಿಷಿನ 'ವಿ' ಅಕ್ಷರದ ಎರಡು ಗೆರೆಗಳಂತೆ ಆಕಾಶದತ್ತ ಮುಖ ಮಾಡಿರುತ್ತವೆ. ಬ್ಲೇಡ್ ದಾಟುವಾಗ ಒಂದರ ಬೆಳಕಿಗೆ, ಆಮೇಲೆ ಇನ್ನೊಂದರ ಬೆಳಕಿಗೆ ಅಡ್ಡ ಬರುತ್ತದೆ. ಬ್ಲೇಡ್ ಎತ್ತರದಲ್ಲಿದ್ದಷ್ಟೂ ಎರಡು ಗೆರೆಗಳ ನಡುವಿನ ದೂರ ಹೆಚ್ಚು, ದಾಟಲು ಬೇಕಾದ ಹೊತ್ತೂ ಹೆಚ್ಚು. ಆ ಹೊತ್ತನ್ನು ಅಳೆದರೆ ಎತ್ತರ ಮಿಲಿಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಧ್ರುವ್‌ನಂಥ ರೋಟರಿನ ಬ್ಲೇಡ್ ತುದಿ ಒಂದು ಮಿಲಿಮೀಟರ್ ದಾಟುವುದಕ್ಕೆ ಒಂದು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಐದು ಭಾಗವೂ ಬೇಕಿಲ್ಲ ಎಂಬುದನ್ನು ನೆನೆದರೆ ಈ ಅಳತೆಯ ಸೂಕ್ಷ್ಮತೆ ಅರ್ಥವಾದೀತು. ಇದಕ್ಕೂ ತೊಂದರೆಗಳಿವೆ. ಆಕಾಶದ ಬೆಳಕನ್ನೇ ನೆಚ್ಚಿದ ಸಂವೇದಕ ಮುಸ್ಸಂಜೆಯಲ್ಲಿ ಸೋಲುತ್ತದೆ, ಸೂರ್ಯ ನೇರವಾಗಿ ಕಣ್ಣಿಗೆ ಬಿದ್ದರೂ ಸೋಲುತ್ತದೆ.

ನಡುಕವನ್ನೇ ಅಳೆಯುವುದು ಅಕ್ಸೆಲೆರೊಮೀಟರ್. ಹೆಬ್ಬೆರಳಿನ ಗಾತ್ರದ ಲೋಹದ ಡಬ್ಬಿ, ಒಳಗೆ ಒಂದು ಹರಳು, ಅದರ ಮೇಲೆ ಪುಟ್ಟ ತೂಕ. ಯಂತ್ರ ಅದುರಿದಾಗ ತೂಕ ಹರಳನ್ನು ಒತ್ತುತ್ತದೆ, ಒತ್ತಿದಾಗ ಹರಳು ವಿದ್ಯುತ್ತನ್ನು ಹೊಮ್ಮಿಸುತ್ತದೆ. ಹರಳಿನ ಈ ಗುಣವನ್ನು 1880ರಲ್ಲಿ ಜಾಕ್ ಮತ್ತು ಪಿಯೆರ್ ಕ್ಯೂರಿ ಸೋದರರು ಕಂಡುಹಿಡಿದರು. ಇದರ ಜೊತೆಗೆ ಇನ್ನೊಂದು ಸಂವೇದಕ ಬೇಕು. ರೋಟರಿನ ಬುಡದಲ್ಲಿ ಸ್ಥಿರ ಭಾಗಕ್ಕೆ ಕೂರಿಸಿದ ಆಯಸ್ಕಾಂತದ ಪಿಕಪ್ ಅದು. ತಿರುಗುವ ಭಾಗದ ಮೇಲಿನ ಕಬ್ಬಿಣದ ತುಂಡು ಅದರ ಮುಂದೆ ಹಾದಾಗಲೆಲ್ಲ ಒಂದು ಮಿಡಿತ ಬರುತ್ತದೆ. ನಡುಕ ಎಷ್ಟು ಎಂಬುದನ್ನು ಹರಳು ಹೇಳಿದರೆ, ನಡುಕ ಉತ್ತುಂಗಕ್ಕೆ ಬಂದಾಗ ಯಾವ ಬ್ಲೇಡ್ ಎಲ್ಲಿತ್ತು ಎಂಬುದನ್ನು ಪಿಕಪ್ ಹೇಳುತ್ತದೆ. ಎರಡೂ ಸೇರಿದರೆ ಮಾತ್ರ ಯಾವ ಬ್ಲೇಡಿಗೆ ಎಷ್ಟು ಗ್ರಾಂ ಸೇರಿಸಬೇಕು ಎಂಬುದು ತಿಳಿಯುತ್ತದೆ.

ಫಲಿತಾಂಶವನ್ನು ತಂತ್ರಜ್ಞರು ಹೇಳುವ ಭಾಷೆ 'ಐಪಿಎಸ್', ಅಂದರೆ ಸೆಕೆಂಡಿಗೆ ಇಷ್ಟು ಇಂಚು. ಹಲವು ಸಣ್ಣ ಹೆಲಿಕಾಪ್ಟರ್‌ಗಳಲ್ಲಿ 0.2 ಐಪಿಎಸ್‌ಗಿಂತ ಕೆಳಗಿದ್ದರೆ ಸರಿ ಎನ್ನುತ್ತಾರೆ, ಒಂದೊಂದು ತಯಾರಕರ ಕೈಪಿಡಿಯಲ್ಲಿ ಒಂದೊಂದು ಮಿತಿ. ನಡುಕ ಯಾವ ದಿಕ್ಕಿನದು ಎಂಬುದನ್ನು ಗಡಿಯಾರದ ಗಂಟೆಯಂತೆ ಗುರುತಿಸುತ್ತಾರೆ. ನೆಲದ ಮೇಲೆ ಅಕ್ಕಪಕ್ಕದ ಓಲಾಟ ಕಂಡರೆ ತೂಕದ ಕಡೆ ನೋಡಬೇಕು. ಹೋವರ್‌ನಲ್ಲಿ, ಅಂದರೆ ನಿಂತಲ್ಲೇ ತೇಲುವಾಗ, ಮೇಲೆ ಕೆಳಗಿನ ಹೊಡೆತ ಇದ್ದರೆ ಪಿಚ್ ಲಿಂಕಿನ ಉದ್ದವನ್ನು ನಟ್ಟಿನ ಒಂದು ಮುಖ, ಅರ್ಧ ಮುಖದಷ್ಟು ತಿರುಗಿಸಬೇಕು. ವೇಗವಾಗಿ ಮುಂದೆ ಹಾರುವಾಗಷ್ಟೇ ಹೊಡೆತ ಬಂದರೆ ಬ್ಲೇಡಿನ ಹಿಂದಿನ ಅಂಚಿನಲ್ಲಿರುವ ಟ್ರಿಮ್ ಟ್ಯಾಬ್ ಎಂಬ ತಗಡಿನ ನಾಲಿಗೆಯನ್ನು ಒಂದೆರಡು ಡಿಗ್ರಿ ಬಗ್ಗಿಸಬೇಕು. ಒಂದನ್ನು ಸರಿಪಡಿಸಿದರೆ ಇನ್ನೊಂದು ಕೆಡುವುದುಂಟು. ಎಲ್ಲ ಬ್ಲೇಡ್‌ಗಳನ್ನೂ ಒಂದೇ ಎತ್ತರಕ್ಕೆ ತಂದ ಮೇಲೂ ನಡುಕ ಉಳಿಯಬಹುದು. ಅನುಭವಿ ಎಂಜಿನಿಯರ್ ಟ್ರ್ಯಾಕ್‌ನಲ್ಲಿ ಕೆಲವು ಮಿಲಿಮೀಟರ್ ಬಿಟ್ಟುಕೊಟ್ಟು ನಡುಕ ಇಳಿಸುವ ದಾರಿ ಹಿಡಿಯುತ್ತಾನೆ. ಆ ತೀರ್ಮಾನ ಕೈಪಿಡಿಯಿಂದ ಮಾತ್ರ ಬರುವಂಥದ್ದಲ್ಲ.

ಎಲ್ಲ ನಡುಕವೂ ಹೀಗೆ ಹೋಗುವುದಿಲ್ಲ. ನಾಲ್ಕು ಬ್ಲೇಡ್‌ಗಳ ರೋಟರ್ ಪ್ರತಿ ಸುತ್ತಿಗೆ ನಾಲ್ಕು ಸಲ ಕೊಡುವ ಹೊಡೆತ ಅದರ ಹುಟ್ಟುಗುಣ. ಮುಂದೆ ಹಾರುವಾಗ ಒಂದು ಬದಿಯ ಬ್ಲೇಡ್ ಗಾಳಿಗೆ ಎದುರಾಗಿ, ಇನ್ನೊಂದು ಬದಿಯದು ಗಾಳಿಯೊಡನೆ ಸಾಗುವುದರಿಂದ ಅದು ಬಂದೇ ಬರುತ್ತದೆ. ಅದನ್ನು ತಡೆಯಲು ಧ್ರುವ್‌ನಲ್ಲಿ ಗೇರ್‌ಬಾಕ್ಸ್ ಮತ್ತು ಒಡಲಿನ ನಡುವೆ 'ಆರಿಸ್' ಎಂಬ ಕಂಪನ ತಡೆಯುವ ಘಟಕಗಳನ್ನು ಕೂರಿಸಿದ್ದಾರೆ. 1992ರ ಆಗಸ್ಟ್ 20ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿದ ಧ್ರುವ್‌ನ ವಿನ್ಯಾಸದಲ್ಲಿ ಎಂಜಿನಿಯರ್‌ಗಳು ಬಹಳ ಬೆವರು ಸುರಿಸಿದ ಭಾಗಗಳಲ್ಲಿ ಇದೂ ಒಂದು.

ಇಲ್ಲಿಯವರೆಗಿನ ಮಾತು ಹ್ಯಾಂಗರಿಗೆ ಉಪಕರಣ ತಂದು, ಹೆಲಿಕಾಪ್ಟರಿಗೆ ಜೋಡಿಸಿ, ಅಳೆದು, ಬಿಚ್ಚಿ ಒಯ್ಯುವ ಪದ್ಧತಿಯದು. ಎರಡು ತಪಾಸಣೆಗಳ ನಡುವೆ ಹತ್ತಾರು, ಕೆಲವೊಮ್ಮೆ ನೂರಾರು ಗಂಟೆಗಳ ಹಾರಾಟ ಇರುತ್ತದೆ. ಆ ಅವಧಿಯಲ್ಲಿ ಯಂತ್ರ ಹೇಳಿದ್ದನ್ನು ಕೇಳುವವರಿಲ್ಲ. ಈ ಕೊರತೆ ಎಷ್ಟು ದುಬಾರಿ ಎಂಬುದನ್ನು ಪ್ರಪಂಚ ಕಲಿತದ್ದು ಉತ್ತರ ಸಮುದ್ರದಲ್ಲಿ.

1986ರ ನವೆಂಬರ್ 6ರಂದು ಬ್ರೆಂಟ್ ತೈಲಕ್ಷೇತ್ರದಿಂದ ಕೆಲಸಗಾರರನ್ನು ಕರೆತರುತ್ತಿದ್ದ ಚಿನೂಕ್ ಹೆಲಿಕಾಪ್ಟರ್ ಶೆಟ್ಲೆಂಡ್ ದ್ವೀಪದ ಸಂಬರೊ ವಿಮಾನ ನಿಲ್ದಾಣಕ್ಕೆ ಕೆಲವೇ ಕಿಲೊಮೀಟರ್ ದೂರದಲ್ಲಿ ಸಮುದ್ರಕ್ಕೆ ಬಿತ್ತು. ಅದರಲ್ಲಿದ್ದ 47 ಜನರಲ್ಲಿ 45 ಮಂದಿ ಸತ್ತರು. ಮುಂದಿನ ಗೇರ್‌ಬಾಕ್ಸಿನ ಹಲ್ಲುಚಕ್ರವೊಂದು ಲೋಹದ ದಣಿವಿನಿಂದ ಬಿರುಕುಬಿಟ್ಟು ಮುರಿದಿತ್ತು. ಚಿನೂಕ್‌ನ ಮುಂದಿನ ಮತ್ತು ಹಿಂದಿನ ರೋಟರ್‌ಗಳ ಬ್ಲೇಡ್‌ಗಳು ಒಂದರ ಜಾಗದಲ್ಲೊಂದು ಹಾದುಹೋಗುತ್ತವೆ, ಗೇರುಗಳು ಅವುಗಳ ಹೊಂದಾಣಿಕೆ ಕಾಯುತ್ತವೆ. ಹೊಂದಾಣಿಕೆ ತಪ್ಪಿದೊಡನೆ ಬ್ಲೇಡ್‌ಗಳು ಒಂದಕ್ಕೊಂದು ಬಡಿದವು. ಗೇರ್‌ಬಾಕ್ಸ್, ರೋಟರ್‌ಗಳ ಆರೋಗ್ಯವನ್ನು ಹಾರಾಟದಲ್ಲೇ ಗಮನಿಸುವ ವ್ಯವಸ್ಥೆ ಬೇಕೆಂದು ಬ್ರಿಟನ್ನಿನ ತಜ್ಞರ ಸಮಿತಿ 1984ರಲ್ಲೇ ಹೇಳಿತ್ತು. ಈ ದುರಂತ ಆ ಮಾತಿಗೆ ತುರ್ತು ತಂದಿತು. 1991ರಲ್ಲಿ ಉತ್ತರ ಸಮುದ್ರದ ಸೂಪರ್ ಪ್ಯೂಮಾ ಹೆಲಿಕಾಪ್ಟರ್‌ಗಳಲ್ಲಿ 'ಹಮ್ಸ್' ಎಂಬ ವ್ಯವಸ್ಥೆ ಹಾರಾಟ ಶುರು ಮಾಡಿತು. ಹತ್ತಾರು ಅಕ್ಸೆಲೆರೊಮೀಟರ್‌ಗಳು ಎಂಜಿನ್, ಗೇರ್‌ಬಾಕ್ಸ್, ಬಾಲದ ಶಾಫ್ಟ್, ರೋಟರ್ ಎಲ್ಲದರ ನಡುಕವನ್ನು ದಾಖಲಿಸುತ್ತವೆ, ನೆಲಕ್ಕಿಳಿದ ಮೇಲೆ ಕಂಪ್ಯೂಟರ್ ಅದನ್ನು ವಿಶ್ಲೇಷಿಸುತ್ತದೆ. ಒಂಬತ್ತಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಒಯ್ಯುವ ಹೆಲಿಕಾಪ್ಟರ್‌ಗಳಿಗೆ ಬ್ರಿಟನ್ 1999ರಲ್ಲಿ ಇದನ್ನು ಕಡ್ಡಾಯ ಮಾಡಿತು.

ಕಡ್ಡಾಯವಾದ ಮೇಲೆ ನಡೆದ ಮೂರು ಘಟನೆಗಳನ್ನು ಒಟ್ಟಿಗೆ ನೋಡಬೇಕು. ಭಾರತ ಕಲಿಯಬೇಕಾದ ಪಾಠ ಅವುಗಳಲ್ಲೇ ಇದೆ.

2012ರ ಮೇ ಮತ್ತು ಅಕ್ಟೋಬರ್ ತಿಂಗಳಲ್ಲಿ ಎರಡು ಇಸಿ225 ಹೆಲಿಕಾಪ್ಟರ್‌ಗಳು ಸ್ಕಾಟ್ಲೆಂಡಿನ ಬಳಿ ಸಮುದ್ರದ ಮೇಲೆ ಇಳಿಯಬೇಕಾಯಿತು. ಗೇರ್‌ಬಾಕ್ಸಿನ ಎಣ್ಣೆ ಪಂಪ್‌ಗಳಿಗೆ ಚಾಲನೆ ಕೊಡುವ ಶಾಫ್ಟ್ ಎರಡರಲ್ಲೂ ಸುತ್ತಲೂ ಬಿರುಕುಬಿಟ್ಟಿತ್ತು. ಎರಡರಲ್ಲಿದ್ದ ಒಟ್ಟು 33 ಮಂದಿಯೂ ಬದುಕಿದರು. ತನಿಖೆಯಲ್ಲಿ ಕಂಡದ್ದೇನೆಂದರೆ, ಎರಡೂ ಪ್ರಕರಣಗಳಲ್ಲಿ ಆ ಶಾಫ್ಟಿನ ಕಂಪನದ ಸೂಚ್ಯಂಕ ಅವಘಡಕ್ಕೆ ಮೊದಲೇ ಏರತೊಡಗಿತ್ತು. ಸಂವೇದಕ ತನ್ನ ಕೆಲಸ ಮಾಡಿತ್ತು, ಆದರೆ ಅದು ಹೇಳಿದ್ದನ್ನು ಓದಿ ಹಾರಾಟ ನಿಲ್ಲಿಸುವ ಕ್ರಮ ಸಾಕಷ್ಟು ಬೇಗ ನಡೆಯಲಿಲ್ಲ. ಆಮೇಲೆ ದತ್ತಾಂಶ ಇಳಿಸಿಕೊಳ್ಳುವ ಅಂತರವನ್ನು ತಗ್ಗಿಸಿದರು, ಪೈಲಟ್‌ಗೇ ಕಾಕ್‌ಪಿಟ್‌ನಲ್ಲಿ ಎಚ್ಚರಿಕೆ ಕೊಡುವ ಏರ್ಪಾಡನ್ನೂ ತಂದರು.

2009ರ ಏಪ್ರಿಲ್ 1ರಂದು ಸೂಪರ್ ಪ್ಯೂಮಾ ಒಂದು ಉತ್ತರ ಸಮುದ್ರದಲ್ಲಿ ಬಿದ್ದು 16 ಜನ ಸತ್ತರು. ಗೇರ್‌ಬಾಕ್ಸಿನೊಳಗಿನ ಗ್ರಹಚಕ್ರ ಎನ್ನುವ ಗೇರು ಮುರಿದಿತ್ತು. ಒಂದು ವಾರ ಮೊದಲು ಗೇರ್‌ಬಾಕ್ಸಿನ ಆಯಸ್ಕಾಂತದ ಶೋಧಕಕ್ಕೆ ಲೋಹದ ಚೂರೊಂದು ಅಂಟಿಕೊಂಡದ್ದು ಎಂಜಿನಿಯರ್‌ಗಳ ಕಣ್ಣಿಗೆ ಬಿದ್ದಿತ್ತು. ಹಾರಿಸುವ ಸಂಸ್ಥೆ ಮತ್ತು ತಯಾರಕರ ನಡುವಿನ ಸಂವಹನದಲ್ಲಾದ ತಪ್ಪು ತಿಳಿವಳಿಕೆಯಿಂದ ಆ ಭಾಗವನ್ನು ಬಿಚ್ಚಿ ನೋಡಲೇ ಇಲ್ಲ. ಕಂಪನದ ದಾಖಲೆಯಲ್ಲಿ ಅಸಹಜವಾದ ಏರಿಕೆ ಕಾಣಿಸಿರಲಿಲ್ಲ.

2016ರ ಏಪ್ರಿಲ್ 29ರಂದು ನಾರ್ವೆಯ ತುರೊಯ್ ದ್ವೀಪದ ಬಳಿ ಇಸಿ225 ಒಂದರ ಇಡೀ ಮುಖ್ಯ ರೋಟರ್ ಆಕಾಶದಲ್ಲೇ ಕಳಚಿಹೋಯಿತು. 13 ಜನರೂ ಸತ್ತರು. ಮತ್ತೆ ಅದೇ ಬಗೆಯ ಗ್ರಹಚಕ್ರ. ಬಿರುಕು ಲೋಹದ ಮೇಲ್ಮೈಯ ಕೆಳಗೆ ಬೆಳೆದು, ಚೂರುಗಳನ್ನು ಹೆಚ್ಚು ಉದುರಿಸದೆ ಗೇರನ್ನು ಸೀಳಿತ್ತು. ಹಮ್ಸ್ ಕೆಲಸ ಮಾಡುತ್ತಿತ್ತು, ಚೂರು ಹಿಡಿಯುವ ಶೋಧಕವೂ ಇತ್ತು, ಎರಡೂ ಎಚ್ಚರಿಕೆ ಕೊಡಲಿಲ್ಲ. ತಿರುಗುವ ಚಕ್ರದ ಒಳಗಿನ ಬೇರಿಂಗಿನ ಸದ್ದು ಗೇರ್‌ಬಾಕ್ಸಿನ ಹೊರಗೋಡೆಗೆ ಕೂರಿಸಿದ ಸಂವೇದಕವನ್ನು ತಲುಪುವಷ್ಟರಲ್ಲಿ ಬೇರೆಲ್ಲ ಗೇರುಗಳ ಗದ್ದಲದಲ್ಲಿ ಮುಳುಗಿಹೋಗುತ್ತದೆ.

ಇವನ್ನು ತೋರಿಸಿ, ಸಂವೇದಕ ಹಾಕಿದರೂ ಅಪಘಾತ ತಪ್ಪಲಿಲ್ಲವಲ್ಲ, ಖರ್ಚು ಯಾಕೆ ಎಂದು ಕೇಳುವವರಿದ್ದಾರೆ. ಅದು ಪಾಠವನ್ನು ತಲೆಕೆಳಗಾಗಿ ಓದುವುದು. ಒಂದೆಡೆ ಉಪಕರಣ ಮೊದಲೇ ಹೇಳಿತ್ತು, ಓದಿ ನಿಲ್ಲಿಸುವ ಕ್ರಮ ನಿಧಾನವಾಗಿತ್ತು. ಇನ್ನೊಂದೆಡೆ ಬೇರೆ ಉಪಕರಣ ಕೊಟ್ಟ ಸುಳಿವನ್ನು ಮನುಷ್ಯರು ತಪ್ಪಾಗಿ ಅರ್ಥಮಾಡಿಕೊಂಡರು. ಮತ್ತೊಂದೆಡೆ ಉಪಕರಣದ ಮಿತಿಯೇ ಅಡ್ಡ ಬಂತು. ಹೀಗಾಗಿ ಕಂಪನವೊಂದನ್ನೇ ನೆಚ್ಚದೆ ಎಣ್ಣೆಯಲ್ಲಿನ ಚೂರು, ಉಷ್ಣತೆ, ಹಾರಾಟದ ಹೊರೆ ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡುವ ಜನ ಬೇಕು. ಅಳೆಯದೆ ಇರುವವರಿಗೆ ಈ ಯಾವ ಪಾಠವೂ ಸಿಗುತ್ತಿರಲಿಲ್ಲ.

ಈಗ ನಮ್ಮ ನೆಲಕ್ಕೆ ಬರೋಣ. ಕೇದಾರನಾಥದ ಪ್ರಧಾನ ಅರ್ಚಕರಾದ ರಾವಲರು ಪರಂಪರೆಯಿಂದ ಕರ್ನಾಟಕ ಮೂಲದ ವೀರಶೈವರು. ಆ ಕ್ಷೇತ್ರಕ್ಕೆ ಹೋಗುವ ಕನ್ನಡಿಗರ ಸಂಖ್ಯೆಯೂ ದೊಡ್ಡದು. ನಡೆದು ಹತ್ತಲಾಗದ ವಯಸ್ಸಾದವರು ಗುಪ್ತಕಾಶಿ, ಫಾಟಾ, ಸಿರ್ಸಿ ಕಡೆಯಿಂದ ಹೆಲಿಕಾಪ್ಟರ್ ಏರುತ್ತಾರೆ. ಯಾತ್ರೆಯ ಕಾಲದಲ್ಲಿ ಐದಾರು ಆಸನಗಳ ಒಂಟಿ ಎಂಜಿನ್ ಯಂತ್ರಗಳು ಬೆಳಗಿನಿಂದ ಸಂಜೆವರೆಗೆ, ಕೆಲವೇ ನಿಮಿಷಗಳ ಹಾರಾಟವನ್ನು ಮತ್ತೆ ಮತ್ತೆ ಮಾಡುತ್ತ, 3,500 ಮೀಟರ್ ಎತ್ತರದ ತೆಳುಗಾಳಿಯಲ್ಲಿ ತುಂಬಿದ ಹೊರೆಯೊಡನೆ ಏರಿಳಿಯುತ್ತವೆ. ಗಂಟೆಗಳ ಲೆಕ್ಕದಲ್ಲಿ ನಿರ್ವಹಣೆ ಮಾಡುವಾಗ ಒಂದು ಗಂಟೆ ನೇರವಾಗಿ ಹಾರಿದ ಯಂತ್ರವೂ, ಅದೇ ಒಂದು ಗಂಟೆಯಲ್ಲಿ ಹಲವು ಸಲ ಪೂರ್ಣ ಶಕ್ತಿಯಿಂದ ಏರಿ ಇಳಿದ ಯಂತ್ರವೂ ಒಂದೇ ಎನಿಸುತ್ತದೆ. ಲೋಹಕ್ಕೆ ಅವೆರಡೂ ಒಂದಲ್ಲ. ಬ್ರಿಟನ್ನಿನ 1999ರ ನಿಯಮದಂತೆ ಆಸನಗಳ ಲೆಕ್ಕ ಹಿಡಿದರೆ ಇಂಥ ಪುಟ್ಟ ಯಂತ್ರಗಳು ನಿಯಮದ ಹೊರಗೇ ಉಳಿಯುತ್ತವೆ. ಆ ನಿಯಮ ತೈಲಕ್ಷೇತ್ರದ ದೊಡ್ಡ ಯಂತ್ರಗಳನ್ನು ಕಣ್ಣಮುಂದಿಟ್ಟುಕೊಂಡು ಬರೆದದ್ದು. ಭಾರತದ ನಿಯಮ ಯಾತ್ರಿಕರನ್ನು ಕಣ್ಣಮುಂದೆ ಇಟ್ಟುಕೊಳ್ಳಬೇಕು. ಆಸನ ಎಷ್ಟೇ ಇರಲಿ, ಟಿಕೆಟ್ ಕೊಟ್ಟು ಜನ ಹತ್ತುವ ಹೆಲಿಕಾಪ್ಟರಿನಲ್ಲಿ ಕಂಪನದ ದಾಖಲೆ ಇರಲೇಬೇಕು. ದಸರಾ ಹೊತ್ತಿಗೆ ಮೈಸೂರಿನ ಮೇಲೆ ಜನರನ್ನು ಸುತ್ತಾಡಿಸುವ ಯಂತ್ರಕ್ಕೂ, ಚುನಾವಣೆಯಲ್ಲಿ ನಾಯಕರು ಬಾಡಿಗೆಗೆ ಹಿಡಿಯುವ ಯಂತ್ರಕ್ಕೂ, ರೋಗಿಗಳನ್ನು ಒಯ್ಯುವ ಯಂತ್ರಕ್ಕೂ ಇದೇ ಮಾತು.

ಖರ್ಚಿನ ಆಕ್ಷೇಪ ಮೊದಲಿನಷ್ಟು ಬಲವಾಗಿಲ್ಲ. ಕಾರಿನ ಏರ್‌ಬ್ಯಾಗಿಗಾಗಿ 1990ರ ದಶಕದಲ್ಲಿ ಬಂದ ಚಿಪ್ ರೂಪದ ಅಕ್ಸೆಲೆರೊಮೀಟರ್ ಇಂದು ಬಹುತೇಕ ಪ್ರತಿ ಸ್ಮಾರ್ಟ್‌ಫೋನಿನಲ್ಲೂ ಇದೆ. ಆ ತಂತ್ರದಿಂದ ವಿಮಾನಯಾನಕ್ಕೆ ಯೋಗ್ಯವಾದ ಸಂವೇದಕಗಳೂ ಸಣ್ಣದಾಗಿವೆ, ಸಣ್ಣ ಹೆಲಿಕಾಪ್ಟರ್‌ಗಳಿಗೆಂದೇ ಹಗುರವಾದ ವ್ಯವಸ್ಥೆಗಳು ಸಿಗುತ್ತವೆ. ರೋಟರಿನ ನಡುಕವನ್ನು ಪ್ರತಿ ಹಾರಾಟದಲ್ಲೂ ಅಳೆದರೆ ಟ್ರ್ಯಾಕ್ ಸರಿಪಡಿಸಲೆಂದೇ ಹಾರಿಸುವ ಪರೀಕ್ಷಾ ಹಾರಾಟಗಳು ಕಡಿಮೆಯಾಗುತ್ತವೆ. ಆ ಇಂಧನದ ಉಳಿತಾಯವೂ ಲೆಕ್ಕಕ್ಕೆ ಬರಬೇಕು.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರ, ಸುಳ್ಳು ಎಚ್ಚರಿಕೆಯದು. ಸಂವೇದಕದ ಬೋಲ್ಟ್ ಸಡಿಲವಾದರೆ, ಕನೆಕ್ಟರಿನೊಳಗೆ ಮಳೆನೀರು ಇಳಿದರೆ, ಕೇಬಲ್ ಯಾವುದಕ್ಕೋ ಉಜ್ಜಿ ಸವೆದರೆ ಪರದೆಯ ಮೇಲೆ ನಡುಕ ಏರಿದಂತೆ ಕಾಣುತ್ತದೆ. ಹತ್ತು ಸಲ ಬಿಚ್ಚಿ ನೋಡಿ ಏನೂ ಸಿಗದಿದ್ದರೆ ಹನ್ನೊಂದನೆಯ ಸಲ ಎಂಜಿನಿಯರ್ ಅದನ್ನು ಕಡೆಗಣಿಸುವ ಅಪಾಯ ನಿಜವಾದದ್ದು. ಇದಕ್ಕೆ ಪರಿಹಾರ ಎಚ್ಚರಿಕೆಯನ್ನು ಆರಿಸಿಬಿಡುವುದಲ್ಲ. ಕೇಬಲ್ ಕೆಟ್ಟ ನಡುಕಕ್ಕೂ ಗೇರು ಕೆಟ್ಟ ನಡುಕಕ್ಕೂ ವ್ಯತ್ಯಾಸ ಗುರುತಿಸಬಲ್ಲ ಜನರನ್ನು ತಯಾರು ಮಾಡುವುದು. ಹೆಲಿಕಾಪ್ಟರಿನ ನಿರ್ವಹಣೆಗೆ ಸಹಿ ಹಾಕುವ ಬಿ1.3 ಪರವಾನಗಿಯ ಎಂಜಿನಿಯರ್‌ಗಳಿಗೆ ಕಂಪನ ವಿಶ್ಲೇಷಣೆಯಲ್ಲಿ ಪ್ರತ್ಯೇಕ ತರಬೇತಿ ಮತ್ತು ಪರೀಕ್ಷೆ ಬೇಕು. ಆ ಕೆಲಸಕ್ಕೆ ಪ್ರತ್ಯೇಕ ಸಂಬಳವೂ ಬೇಕು.

ಕರ್ನಾಟಕಕ್ಕೆ ಇಲ್ಲಿ ವಿಶೇಷ ಹೊಣೆ ಇದೆ. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ 615 ಎಕರೆಯಲ್ಲಿ ಎದ್ದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. 2025ರ ಮಾರ್ಚ್‌ನಲ್ಲಿ ರಕ್ಷಣಾ ಸಚಿವಾಲಯ 156 ಪ್ರಚಂಡ್ ಹೆಲಿಕಾಪ್ಟರ್‌ಗಳಿಗೆ ಸುಮಾರು ₹62,700 ಕೋಟಿಯ ಒಪ್ಪಂದ ಮಾಡಿಕೊಂಡಿತು. ಅವು ಬೆಂಗಳೂರು ಮತ್ತು ತುಮಕೂರಿನಲ್ಲಿ ತಯಾರಾಗಬೇಕು. ಇಷ್ಟು ದೊಡ್ಡ ಕೆಲಸದ ಜೊತೆಗೇ ಕಂಪನದ ದತ್ತಾಂಶದ ದೊಡ್ಡ ಭಂಡಾರವೂ ಹುಟ್ಟಲಿದೆ.

ಆ ಭಂಡಾರದ ಬೆಲೆ ಏನೆಂಬುದು 2025ರಲ್ಲಿ ತಿಳಿಯಬೇಕಿತ್ತು. ಜನವರಿ 5ರಂದು ಪೋರಬಂದರಿನಲ್ಲಿ ಕರಾವಳಿ ಕಾವಲು ಪಡೆಯ ಧ್ರುವ್ ಬಿದ್ದು ಮೂವರು ಸತ್ತ ಮೇಲೆ, ಸೇನೆಗಳಲ್ಲಿದ್ದ ಸುಮಾರು 330 ಧ್ರುವ್‌ಗಳು ನೆಲದಲ್ಲೇ ನಿಂತವು. ರೋಟರಿಗೆ ಪೈಲಟ್‌ನ ಆಜ್ಞೆ ಮುಟ್ಟಿಸುವ ಸ್ವಾಷ್‌ಪ್ಲೇಟ್ ಎಂಬ ಭಾಗದಲ್ಲಿ ಮುರಿತ ಕಂಡುಬಂದಿತ್ತು. ಭೂಸೇನೆ ಮತ್ತು ವಾಯುಪಡೆಯ ಧ್ರುವ್‌ಗಳಿಗೆ ಮತ್ತೆ ಹಾರಲು ಅನುಮತಿ ಸಿಕ್ಕಿದ್ದು ಮೇ ತಿಂಗಳಲ್ಲಿ. ಗಡಿಯ ಎತ್ತರದ ಠಾಣೆಗಳಿಗೆ ಆಧಾರವಾದ ಯಂತ್ರಗಳು ತಿಂಗಳುಗಟ್ಟಲೆ ನಿಲ್ಲುವುದು ಸಣ್ಣ ಮಾತಲ್ಲ. ಪ್ರತಿ ಯಂತ್ರ ಹುಟ್ಟಿದಂದಿನಿಂದ ಎಷ್ಟು ಹೊರೆ ಹೊತ್ತಿದೆ, ಹೇಗೆ ನಡುಗಿದೆ ಎಂಬ ದಾಖಲೆ ಕೈಯಲ್ಲಿದ್ದರೆ ಯಾವುದನ್ನು ಮೊದಲು ಬಿಚ್ಚಿ ನೋಡಬೇಕು ಎಂಬುದನ್ನು ಬೇಗ ತೀರ್ಮಾನಿಸಬಹುದು. ಇಲ್ಲದಿದ್ದರೆ ಎಲ್ಲವನ್ನೂ ಒಂದೇ ಅನುಮಾನದಿಂದ ನೋಡಬೇಕಾಗುತ್ತದೆ.

ಸೇನೆಯ ದತ್ತಾಂಶವನ್ನು ಬೀದಿಗಿಡಬೇಕೆಂದು ಯಾರೂ ಕೇಳುತ್ತಿಲ್ಲ. ಗುರುತು ಅಳಿಸಿದ ಕಂಪನ ದಾಖಲೆಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಎನ್‌ಎಎಲ್‌ನಂಥ ಕಡೆ ಸಂಶೋಧಕರ ಕೈಗೆ ಕೊಡಬಹುದು. ತುಮಕೂರಿನ ಸುತ್ತಲಿನ ಎಂಜಿನಿಯರಿಂಗ್ ಕಾಲೇಜು, ಐಟಿಐಗಳಲ್ಲಿ ಕಂಪನ ಮಾಪನದ ಪ್ರಯೋಗಾಲಯ ತೆರೆಯುವುದು ರಾಜ್ಯ ಸರ್ಕಾರಕ್ಕೆ ದೊಡ್ಡ ಹೊರೆಯಲ್ಲ. ಹಳೆಯದೊಂದು ರೋಟರ್, ನಾಲ್ಕು ಅಕ್ಸೆಲೆರೊಮೀಟರ್, ಒಂದು ಪಿಕಪ್, ಒಂದು ಕಂಪ್ಯೂಟರ್ ಇದ್ದರೆ ಜಿಲ್ಲೆಯ ಹುಡುಗ ಹುಡುಗಿಯರು ಈ ವಿದ್ಯೆಯನ್ನು ಕೈಯಿಂದ ಕಲಿಯಬಲ್ಲರು. ಕಾರ್ಖಾನೆಗೆ ಜಮೀನು ಬಿಟ್ಟುಕೊಟ್ಟ ಊರುಗಳಿಗೆ ಕಾವಲುಗಾರನ ಕೆಲಸಕ್ಕಿಂತ ಮೇಲಿನದು ಸಿಗುವ ದಾರಿಯೂ ಇದು.

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಮಾಡಬೇಕಾದದ್ದು ಸ್ಪಷ್ಟವಾಗಿದೆ. ಪ್ರಯಾಣಿಕರನ್ನು ಒಯ್ಯುವ ಎಲ್ಲ ಹೆಲಿಕಾಪ್ಟರ್‌ಗಳಿಗೂ ಕಾಯಂ ಕಂಪನ ದಾಖಲೆಯನ್ನು ಹಂತಹಂತವಾಗಿ ಕಡ್ಡಾಯ ಮಾಡಲಿ, ಯಾತ್ರಾ ಮಾರ್ಗದ ಯಂತ್ರಗಳಿಂದಲೇ ಶುರುವಾಗಲಿ. ದಿನದ ದತ್ತಾಂಶವನ್ನು ಅಂದೇ ಇಳಿಸಿ ಓದಿ ಸಹಿ ಹಾಕದೆ ಮರುದಿನದ ಮೊದಲ ಹಾರಾಟಕ್ಕೆ ಅನುಮತಿ ಇರಬಾರದು. ಮಿತಿ ದಾಟಿದರೆ ಯಂತ್ರ ನಿಲ್ಲಿಸುವ ಅಧಿಕಾರ ನಿರ್ವಹಣಾ ಎಂಜಿನಿಯರ್‌ಗೆ ಇರಲಿ, ಹಾಗೆ ನಿಲ್ಲಿಸಿದ್ದಕ್ಕೆ ಆತನ ಕೆಲಸಕ್ಕೆ ಕುತ್ತು ಬಾರದಂತೆ ನಿಯಮವೇ ಕಾಯಲಿ. ಕೇದಾರಕ್ಕೆ ಮುಂಗಡ ಟಿಕೆಟ್ ಮಾಡಿಸುವ ಪ್ರಯಾಣಿಕರೂ ಸೀಟಿನ ದರ ಕೇಳುವಾಗ, ಈ ಹೆಲಿಕಾಪ್ಟರಿನ ಕಂಪನ ದಾಖಲೆಯನ್ನು ಕೊನೆಯ ಸಲ ನೋಡಿದ್ದು ಯಾವಾಗ ಎಂದು ಕೇಳಲಿ. ಅದು ಅವರ ಹಕ್ಕು.